ಬೆಚ್ಚಗಿನ ಬೆಳಕಿಗೆ ತಂಪು ನೆರಳು ಬೇಕು

ಅಡುಗೆಮನೆಯ ಸಾಮಾನ್ಯ ಪದಾರ್ಥಗಳ ಫೋಟೊವನ್ನು ಯಾರಾದರೂ ತೋರಿಸಿದರೆ ನಾನು ಮೊದಲು ನೋಡುವುದು ನೆರಳನ್ನು. ಬ್ರೆಡ್ಡು, ಬೆಳ್ಳುಳ್ಳಿ, ಮೊಟ್ಟೆ ಎಲ್ಲವೂ ಚೆಂದವಾಗಿ ಕುಳಿತಿರುತ್ತವೆ. ಆದರೆ ಬೆಳಕಿನಷ್ಟೇ ನೆರಳೂ ಹಳದಿಯಾಗಿದ್ದರೆ ಆಮೇಲೆ ಫಿಲ್ಟರ್ ಹಾಕಿದ್ದಾರೆಂದು ತಕ್ಷಣ ತಿಳಿಯುತ್ತದೆ. ಅಂಥ ಚಿತ್ರದಲ್ಲಿ ಬಿಸುಪು ಇರುವುದಿಲ್ಲ; ಹಳೆಯ ಕಾಗದದ ಮಂಕು ಇರುತ್ತದೆ.

ಬೆಳಗಿನ ಎಳೆಬಿಸಿಲಿನಲ್ಲಿ ನಡೆಯುವುದೇ ಬೇರೆ. ಸೂರ್ಯ ಕೆಳಗಿರುವಾಗ ಬೆಳಕು ವಾತಾವರಣದಲ್ಲಿ ಹೆಚ್ಚು ದೂರ ಸಾಗಬೇಕಾಗುತ್ತದೆ. ಹಾದಿಯಲ್ಲಿ ನೀಲಿ ಚದುರಿಹೋಗಿ, ಕಿಟಕಿ ತಲುಪುವಷ್ಟರಲ್ಲಿ ಹೊಂಬಣ್ಣ ಮೇಲುಗೈಯಾಗಿರುತ್ತದೆ. ಬಿಸಿಲು ತಾಗದ ಮಗ್ಗುಲಿಗೆ ಆಕಾಶದ ನೀಲಿಯೇ ದೀಪ. ಹಾಗಾಗಿ ಒಂದೇ ಬ್ರೆಡ್ಡಿನ ಒಂದು ಪಕ್ಕ ಹೊನ್ನು, ಇನ್ನೊಂದು ಪಕ್ಕ ನಸುನೀಲಿ ಬೂದು. ಈ ಎರಡೂ ಎದುರುಬದುರಾಗಿ ನಿಂತಾಗಲೇ ಕಣ್ಣಿಗೆ ಬಿಸುಪು ತಾಗುವುದು. ಫಿಲ್ಟರ್ ಮೊದಲು ಅಳಿಸುವುದು ನೆರಳಿನ ಆ ತಂಪನ್ನೇ.

ಕ್ಯಾಮೆರಾ ಕೂಡ ಅಡ್ಡಬರುತ್ತದೆ. ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಕ್ಯಾಮೆರಾ ಮಾಡುವ ಬಣ್ಣದ ತಿದ್ದುಪಡಿ) ಬೆಳಕಿನ ಹಳದಿಯನ್ನು ದೋಷವೆಂದು ಎಣಿಸಿ ಬಹುಪಾಲು ತೆಗೆದುಹಾಕುತ್ತದೆ. ಅದನ್ನು ನಿಲ್ಲಿಸಿ, ಕೆಲ್ವಿನ್ ಅಂಕಿಯನ್ನು ನೀವೇ ಇಡಿ. ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ: ಕಡಿಮೆಯಾದಷ್ಟೂ ಬೆಳಕು ಹಳದಿ, ಹೆಚ್ಚಾದಷ್ಟೂ ನೀಲಿ. ಮೇಣದಬತ್ತಿಯ ಬೆಳಕು ಸುಮಾರು 1900 ಕೆಲ್ವಿನ್, ಹಳೆಯ ತಂತಿ ಬಲ್ಬು 2700, ನಡುಹಗಲಿನ ಬಿಸಿಲು 5500ರ ಆಸುಪಾಸು. 3000 ಕೆಲ್ವಿನ್ ದೀಪದಡಿ ಕ್ಯಾಮೆರಾವನ್ನೂ 3000ಕ್ಕೆ ಇಟ್ಟರೆ ಬಿಳಿ ಬಿಳಿಯಾಗಿಯೇ ಬರುತ್ತದೆ, ಬೆಚ್ಚನೆಯ ಸುಳಿವೂ ಉಳಿಯುವುದಿಲ್ಲ. 5500ಕ್ಕೆ ಇಟ್ಟರೆ ಎಲ್ಲವೂ ಕಿತ್ತಳೆ. ನಾನು 3800ರಿಂದ 4000ದ ನಡುವೆ ನಿಲ್ಲಿಸುತ್ತೇನೆ. ಅಂಕಿ ಏರಿದಷ್ಟೂ ಚಿತ್ರ ಹಳದಿಯಾಗುವುದು ಹೊಸಬರಿಗೆ ತಿರುಗುಮುರುಗಾಗಿ ತೋರಬಹುದು. ಬೆಳಕು ನೀಲಿಯಾಗಿದೆ ಎಂದು ನಾವು ಹೇಳುತ್ತಿದ್ದೇವೆ, ಕ್ಯಾಮೆರಾ ಅದನ್ನು ಸರಿದೂಗಿಸಲು ಹಳದಿ ಸೇರಿಸುತ್ತಿದೆ, ಅಷ್ಟೇ.

ಚಾವಣಿಯ ಟ್ಯೂಬ್‌ಲೈಟನ್ನು ದಯವಿಟ್ಟು ಆರಿಸಿ. ಕಿಟಕಿಯ ಹೊನ್ನಿನೊಂದಿಗೆ ಅದರ ಹಸಿರುಛಾಯೆ ಬೆರೆತರೆ ಯಾವ ತಿದ್ದುಪಡಿಯೂ ಎರಡನ್ನೂ ಒಟ್ಟಿಗೆ ಸರಿಮಾಡಲಾರದು.

ಮೇಜಿನ ಮೇಲೆ ನಾನು ಮೊದಲು ಇಡುವುದು ಬಿಳಿ ಚಿಪ್ಪಿನ ಒಂದು ಮೊಟ್ಟೆಯನ್ನು. ಬೆಳಕು ಎಲ್ಲಿಂದ ಬಂದು ಎಲ್ಲಿ ನೆರಳಿಗೆ ಜಾರುತ್ತದೆ ಎಂಬುದನ್ನು ಅದರ ನುಣುಪಾದ ಉಬ್ಬು ಹೇಳಿದಷ್ಟು ಸ್ಪಷ್ಟವಾಗಿ ಬೇರೇನೂ ಹೇಳದು. ಬೆಳಕು ಯಾವ ಬಣ್ಣದತ್ತ ಎಷ್ಟು ವಾಲಿದೆ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ. ಬೆಳಕು ಪಕ್ಕದಿಂದ, ತುಸು ಹಿಂದಿನಿಂದ ಬರಲಿ. ಆಗ ಈರುಳ್ಳಿಯ ಒಣಸಿಪ್ಪೆ ಒಳಗಿನಿಂದಲೇ ಹೊತ್ತಿಕೊಂಡಂತೆ ಕಾಣುತ್ತದೆ, ಎಣ್ಣೆಯ ಬಾಟಲಿ ಬೆಳಗುತ್ತದೆ, ಬ್ರೆಡ್ಡಿನ ಒರಟು ಎದ್ದುಬರುತ್ತದೆ. ಎದುರಿನಿಂದ ಬಿದ್ದ ಬೆಳಕು ಇದನ್ನೆಲ್ಲ ಚಪ್ಪಟೆ ಮಾಡುತ್ತದೆ.

ಸುತ್ತಲಿನ ವಸ್ತುಗಳೂ ಬೆಳಕನ್ನು ಹಿಂದಕ್ಕೆ ಎರಚುತ್ತವೆ. ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ ದಪ್ಪ ಮೆಣಸಿನಕಾಯಿಯ ಕಪ್ಪುಬಿಳುಪು ಚಿತ್ರದಲ್ಲಿ ಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಡಲಾಗಿತ್ತು. ಅದರ ಏರುತಗ್ಗುಗಳ ಹೊಳಪಿನಲ್ಲಿ ಆ ಲೋಹದ ಪಾಲೂ ಇದೆ. ನಮ್ಮ ಮೇಜಿನಲ್ಲಿ ಈ ಕೆಲಸ ಮರದ ಹಲಗೆಯದು: ಅದು ಮೊಟ್ಟೆಯ ಅಡಿಭಾಗಕ್ಕೆ ಕಂದುಬಣ್ಣ ಚೆಲ್ಲುತ್ತದೆ. ಅದು ಅತಿಯಾದರೆ ಬೂದು ಬಟ್ಟೆ ಹಾಸುತ್ತೇನೆ. ನೆರಳು ತೀರಾ ಗಾಢವಾದರೆ ಬಿಳಿ ರಟ್ಟು, ತೆಳುವಾದರೆ ಕಪ್ಪು ರಟ್ಟು ನಿಲ್ಲಿಸುತ್ತೇನೆ. ಕಪ್ಪು ರಟ್ಟನ್ನು ಬಳಸುವವರು ಕಡಿಮೆ, ನನಗಂತೂ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪದಾರ್ಥಗಳು ಅಲುಗುವುದಿಲ್ಲವಾದ್ದರಿಂದ ಟ್ರೈಪಾಡ್, ಐಎಸ್‌ಒ 100 (ಬೆಳಕಿಗೆ ಸಂವೇದನೆಯ ಅಳತೆ), ಅಪರ್ಚರ್ (ಲೆನ್ಸಿನ ಕಂಡಿ) ಎಫ್ 5.6 ಅಥವಾ 8 ಸಾಕು. ಶಟರ್ ನಿಧಾನವಾದರೂ ಚಿಂತೆಯಿಲ್ಲ. ಎಚ್ಚರ ಬೇಕಾದದ್ದು ಕೆಂಪಿನಲ್ಲಿ. ಬೆಚ್ಚಗಿನ ಬೆಳಕಿನಲ್ಲಿ ಸಾಮಾನ್ಯವಾಗಿ ಕೆಂಪು ವಾಹಿನಿಯೇ (ಚಿತ್ರದಲ್ಲಿ ಕೆಂಪು ಬಣ್ಣದ ಪಾಲು) ಮೊದಲು ತುಂಬಿ ತುಳುಕುತ್ತದೆ. ಒಟ್ಟು ಬೆಳಕಿನ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟಿದೆಯೆಂದು ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಟೊಮೆಟೊದ ಮೈ ವಿವರ ಕಳೆದುಕೊಂಡು ಬರೀ ಕೆಂಪು ತೇಪೆಯಾಗಿರಬಹುದು. ಕೆಂಪಿನ ಹಿಸ್ಟೋಗ್ರಾಮನ್ನು ಪ್ರತ್ಯೇಕವಾಗಿ ನೋಡಿ, ಅದು ಬಲತುದಿಗೆ ತಾಗುತ್ತಿದ್ದರೆ ಎಕ್ಸ್‌ಪೋಷರನ್ನು ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪಿನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಸಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸಿದ ಫೈಲು) ಕತ್ತಲೆಯ ಭಾಗವನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಕೆಂಪನ್ನು ಮರಳಿ ತರಲಾಗದು.