ಮಲಗಲೊಲ್ಲದ ಲ್ಯಾಪ್‌ಟಾಪ್

ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟ ಅಕ್ಕನ ಮಗಳು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಚೀಲಕ್ಕೆ ಕೈಹಾಕಿದರೆ, ಲ್ಯಾಪ್‌ಟಾಪ್ ದೋಸೆಕಾವಲಿಯಂತೆ ಸುಡುತ್ತಿತ್ತಂತೆ. ತೆರೆದರೆ ಕಪ್ಪು ಪರದೆ, ಒಳಗೆ ಫ್ಯಾನಿನ ಆರ್ಭಟ. ಪವರ್ ಗುಂಡಿಯನ್ನು ಅದುಮಿ ಹಿಡಿದು ಆರಿಸದೆ ಗತಿಯಿಲ್ಲ. ಭಾನುವಾರ ಅದನ್ನು ನನ್ನ ಮುಂದೆ ತಂದಿಟ್ಟು, “ಮಾವ, ಇದಕ್ಕೆ ಮಲಗಲಿಕ್ಕೇ ಬರುವುದಿಲ್ಲ” ಎಂದಳು. ಹೊರಗೆ ಆಟಿ ತಿಂಗಳ ಮಳೆ.

ರಿಪೇರಿ ಅಂಗಡಿಯವರೊಬ್ಬರು ಉಪ್ಪುಗಾಳಿಗೆ ಮದರ್‌ಬೋರ್ಡ್ ಹಾಳಾಗಿದೆ ಎಂದಿದ್ದರು. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯ ತಲೆಗೆ ಯಾವ ತಪ್ಪನ್ನಾದರೂ ಕಟ್ಟಬಹುದು. ಆದರೆ ದಿನವಿಡೀ ಸರಿಯಾಗಿ ದುಡಿಯುವ ಯಂತ್ರ ಮುಚ್ಚಳ ಹಾಕಿದಾಗ ಮಾತ್ರ ಕೆಡುತ್ತದೆಂದರೆ, ತುಕ್ಕಿಗೆ ಅಷ್ಟೊಂದು ಸಮಯಪ್ರಜ್ಞೆ ಇರುತ್ತದೆಯೇ? ನನ್ನ ಅನುಮಾನ ತಂತ್ರಾಂಶದ ಮೇಲಿತ್ತು.

ಮಲಗುವುದು ಲ್ಯಾಪ್‌ಟಾಪಿಗೆ ವಿಶ್ರಾಂತಿಯಲ್ಲ, ದೊಡ್ಡ ಕೆಲಸ. ಹೆಚ್ಚಿನ ಯಂತ್ರಗಳಲ್ಲಿ ಮುಚ್ಚಳದ ಅಂಚಿನಲ್ಲೊಂದು ಪುಟ್ಟ ಅಯಸ್ಕಾಂತ, ಕೆಳಗೆ ಅದನ್ನು ಗುರುತಿಸುವ ಸಂವೇದಕ ಇರುತ್ತವೆ. (ಅಯಸ್ಕಾಂತದ ಕೊಂಡಿಯಿರುವ ಕೈಬಳೆ ತೊಟ್ಟು ಟೈಪ್ ಮಾಡುವವರ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಮಲಗಿಬಿಡುವುದು ಇದರಿಂದಲೇ.) ಸುದ್ದಿ ಮುಟ್ಟಿದೊಡನೆ ಓಡುತ್ತಿರುವ ಪ್ರೋಗ್ರಾಮ್‌ಗಳನ್ನೆಲ್ಲ ಇದ್ದಲ್ಲಿಯೇ ನಿಲ್ಲಿಸಬೇಕು. ವಿಂಡೋಸಿನಂತೆ ಇಡೀ ಯಂತ್ರವನ್ನು ನಡೆಸುವ ತಂತ್ರಾಂಶವಾದ ಲಿನಕ್ಸ್ ಅದಕ್ಕೆ ಸಾಮಾನ್ಯವಾಗಿ 20 ಸೆಕೆಂಡ್ ಕೊಡುತ್ತದೆ. ಯಾವುದಾದರೂ ಹಟ ಹಿಡಿದರೆ ಮಲಗುವ ಯೋಚನೆಯನ್ನೇ ಕೈಬಿಡುತ್ತದೆ. ಆಮೇಲೆ ಸಾಧನಗಳ ಸರದಿ. ಪ್ರತಿ ಸಾಧನದ ಡ್ರೈವರನ್ನು, ಅಂದರೆ ಅದನ್ನು ನಡೆಸುವ ಪುಟ್ಟ ತಂತ್ರಾಂಶವನ್ನು ಕರೆದು, ನಿನ್ನ ಸ್ಥಿತಿಯನ್ನು ಬರೆದಿಟ್ಟು ಆರಿಬಿಡು ಎನ್ನಬೇಕು. ತುಂಬಿದ ಮನೆಯ ರಾತ್ರಿಯಂತೆ ಇಲ್ಲಿಯೂ ಮಕ್ಕಳು ಮಲಗಿದ ಮೇಲೆಯೇ ದೊಡ್ಡವರು: ಮೊದಲು ಪೆನ್‌ಡ್ರೈವ್, ಆಮೇಲೆ ಅದನ್ನು ಹೊತ್ತ ಯುಎಸ್‌ಬಿ ಕಂಟ್ರೋಲರ್. ಲಿನಕ್ಸಿನ ತಿರುಳಾದ ಕರ್ನಲ್ ಬರೆದವರೂ ಇವನ್ನು ಚೈಲ್ಡ್, ಪೇರೆಂಟ್ ಎಂದೇ ಕರೆಯುತ್ತಾರೆ.

ಕೊನೆಗೆ ಉಳಿಯುವುದು ರ‍್ಯಾಮ್, ನಡೆಯುತ್ತಿರುವ ಕೆಲಸದ ತಾತ್ಕಾಲಿಕ ನೆನಪು. ಅದರ ಒಂದೊಂದು ಬಿಟ್ಟೂ ಸೋರುವ ಕೊಡದಲ್ಲಿಟ್ಟ ವಿದ್ಯುತ್ತು. ಸುಮಾರು 64 ಮಿಲಿಸೆಕೆಂಡಿಗೊಮ್ಮೆ ತುಂಬಿಸದಿದ್ದರೆ ನೆನಪು ಅಳಿಯುತ್ತದೆ. ಮನೆಯೆಲ್ಲ ಮಲಗಿದ ಮೇಲೆ ರ‍್ಯಾಮ್ ತನ್ನನ್ನು ತಾನೇ ತುಂಬಿಸಿಕೊಳ್ಳುತ್ತ ಕೂತಿರುತ್ತದೆ.

ಈ ಸಾಲಿನಲ್ಲಿ ಒಂದೇ ಒಂದು ಡ್ರೈವರ್ ಉತ್ತರ ಕೊಡದಿದ್ದರೂ ಯಂತ್ರ ಅತ್ತ ಮಲಗದೆ ಇತ್ತ ಏಳದೆ ಸಿಕ್ಕಿಕೊಳ್ಳಬಹುದು. ವಿಂಡೋಸ್ ಹಲವು ಸಲ ನೀಲಿ ಪರದೆ ತೋರಿಸಿ ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಎನ್ನುತ್ತದೆ. ಆಗುಹೋಗುಗಳನ್ನೆಲ್ಲ ಅದು ಬರೆದಿಡುವ ದಾಖಲೆಯಲ್ಲಿ ಕಾಣುವ ‘ಕರ್ನಲ್ ಪವರ್ 41’ ಅನ್ನು ಕಂಡು ಕಾರಣ ಸಿಕ್ಕಿತೆಂದು ಹಿಗ್ಗುವವರಿದ್ದಾರೆ. ಯಂತ್ರ ಸರಿಯಾಗಿ ಮುಚ್ಚದೆ ಆರಿತ್ತು ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ.

ಅಕ್ಕನ ಮಗಳದು ಲಿನಕ್ಸ್. ದಾಖಲೆಯ ಕೊನೆಯ ಸಾಲು ‘ಮಲಗಲು ಹೊರಟೆ’ ಎಂಬರ್ಥದ್ದು, ಮುಂದೆ ಮೌನ. ಪರದೆ ಆರಿದೆ, ಡಿಸ್ಕ್ ಮಲಗಿದೆ, ಬರೆಯುವುದಾದರೂ ಎಲ್ಲಿ? ಕಳ್ಳ ಬರುವ ಹೊತ್ತಿಗೆ ಸಿಸಿಟಿವಿಯನ್ನು ನಾವೇ ಆರಿಸಿಟ್ಟ ಹಾಗೆ.

ಲಿನಕ್ಸಿನಲ್ಲಿ ಯಕ್ಷಗಾನದವರ ಟ್ರಯಲ್‌ನಂಥ ಒಂದು ಸೌಲಭ್ಯವಿದೆ. ಹೇಳಿದ ಹಂತದವರೆಗೆ ಹೋಗಿ, 5 ಸೆಕೆಂಡ್ ನಿಂತು, ಮರಳಿ ಎಚ್ಚರವಾಗುತ್ತದೆ. ಪ್ರೋಗ್ರಾಮ್ ನಿಲ್ಲಿಸುವ ಹಂತಕ್ಕೆ ಹೋಗಿ ಬಂತು. ಸಾಧನಗಳ ಹಂತಕ್ಕೆ ಹೋದದ್ದು ಬರಲಿಲ್ಲ. ಸರಿ, ಯಾವ ಸಾಧನ?

ಇದಕ್ಕೆ 2006ರಲ್ಲಿ ಲಿನಕ್ಸಿನ ಜನಕ ಲಿನಸ್ ಟೋರ್ವಾಲ್ಡ್ಸ್ ಬರೆದ ಉಪಾಯವೊಂದಿದೆ. ಯಂತ್ರವನ್ನು ಆರಿಸಿ ಹೊತ್ತಿಸಿದರೂ ಬರೆದದ್ದು ಉಳಿಯುವ ಜಾಗ ಅವರಿಗೆ ಸಿಕ್ಕಿದ್ದು ಒಂದೇ, ಸಮಯ ತೋರಿಸುವ ಗಡಿಯಾರದ ಚಿಪ್. ಆದ್ದರಿಂದ ಒಂದೊಂದು ಸಾಧನದ ಸರದಿ ಬಂದಾಗಲೂ ಅದರ ಗುರುತಿನ ಸಂಖ್ಯೆಯನ್ನು ಇಸವಿ, ತಿಂಗಳು, ದಿನ, ಗಂಟೆಗಳ ವೇಷ ಹಾಕಿ ಗಡಿಯಾರದೊಳಗೆ ಬರೆಯುವುದು! ಈ ಉಪಾಯ ತನಗೇ ಹೇಸಿಗೆಯೆಂದು ಅವರು ಆ ಕಡತದಲ್ಲಿ ಒಂದೇ ಪದವನ್ನು ಮೂರು ಸಲ ಬರೆದುಕೊಂಡಿದ್ದಾರೆ. ನನಗಂತೂ ಇದು ಕಂಪ್ಯೂಟರ್ ಲೋಕದ ಅತಿ ಚಂದದ ಕಿತಾಪತಿಗಳಲ್ಲೊಂದು.

ಗಡಿಯಾರ ನಡೆಯುತ್ತಲೇ ಇರುವುದರಿಂದ ಓದಲು ಸಿಗುವ ಕಾಲ ಮೂರೇ ನಿಮಿಷ. ಮುಚ್ಚಳ ಹಾಕಿದೆವು, ಸಿಕ್ಕಿಕೊಂಡಿತು, ಆರಿಸಿ ತಕ್ಷಣ ಹೊತ್ತಿಸಿದೆವು. ಪರದೆಯ ಮೂಲೆಯಲ್ಲಿ 2061ನೇ ಇಸವಿ. “ನಾನು ಅಜ್ಜಿಯಾದೆ!” ಎಂದು ನಕ್ಕಳು. ಒಂದೇ ಸಂಖ್ಯೆ ಎರಡು ಸಾಧನಗಳಿಗೆ ಹೊಂದುವುದೂ ಉಂಟು. ನಮಗೆ ಸಿಕ್ಕಿದ್ದು ಒಂದೇ ಹೆಸರು, ವೈಫೈ ಕಾರ್ಡ್.

ಅಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ವೈಫೈ ಡ್ರೈವರನ್ನು ತೆಗೆದು ಮುಚ್ಚಳ ಹಾಕಿದೆವು. ಫ್ಯಾನು ನಿಂತಿತು, ಪವರ್ ದೀಪ ನಿಧಾನವಾಗಿ ಮಿನುಗತೊಡಗಿತು. ಐದು ಸಲವೂ ಹಾಗೆಯೇ. ಡ್ರೈವರನ್ನು ಮರಳಿ ಹಾಕಿದಾಗ ಮತ್ತೆ ಅದೇ ರಂಪ. ಹೊಸ ಕರ್ನಲ್ ಹಾಕುವವರೆಗೆ, ಮಲಗುವ ಮುನ್ನ ಆ ಡ್ರೈವರನ್ನು ತೆಗೆದು ಎದ್ದ ಮೇಲೆ ಹಾಕುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟೆ.

ಅಷ್ಟರಲ್ಲಿ ಗಾಳಿಮಳೆಗೆ ಕರೆಂಟು ಹೋಗಿ ರೂಟರ್ ಆರಿದ್ದರಿಂದ, ಇಂಟರ್‌ನೆಟ್ ಸಿಗದೆ ಗಡಿಯಾರ ತಾನಾಗಿ ಸರಿಹೋಗಲಿಲ್ಲ. ಕೈಯಾರೆ ತಿದ್ದಲು ನಾವಿಬ್ಬರೂ ಮರೆತೆವು. ಆ ರಾತ್ರಿ ಅವಳು ಬರೆದು ಉಳಿಸಿದ ಲ್ಯಾಬ್ ವರದಿಯ ಮೇಲೆ ಈಗಲೂ 2061ರ ತಾರೀಕೇ ಇದೆ.