ಹಬಲ್, ವೆಬ್ ಚಿತ್ರಗಳನ್ನು ಸೇರಿಸಿದರೆ ಇನ್ನೂ ಸ್ಪಷ್ಟವಾಗಲ್ವಾ?

ಪ್ರಶ್ನೆ: ಹಬಲ್, ವೆಬ್ ಟೆಲಿಸ್ಕೋಪ್‌ಗಳು ಎರಡೂ ಬಾಹ್ಯಾಕಾಶದಲ್ಲಿವೆ. ಎರಡರ ಚಿತ್ರಗಳನ್ನೂ ಕಂಪ್ಯೂಟರ್‌ನಲ್ಲಿ ಸೇರಿಸಿ ಒಂದೇ ದೊಡ್ಡ ಟೆಲಿಸ್ಕೋಪ್ ಮಾಡಿಕೊಳ್ಳಬಹುದಲ್ವಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಆಗುವುದಿಲ್ಲ. ಟೆಲಿಸ್ಕೋಪ್ ಜೋಡಿಸುವುದೇ ಬೇರೆ, ಫೋಟೋ ಜೋಡಿಸುವುದೇ ಬೇರೆ.

ರಾತ್ರಿ ತುಂಬಾ ದೂರದಿಂದ ಬರುವ ಲಾರಿಯನ್ನು ನೆನೆಸಿಕೊಳ್ಳಿ. ಹೆಡ್‌ಲೈಟ್ ಎರಡಿದ್ದರೂ ಕಾಣುವುದು ಒಂದೇ ಚುಕ್ಕೆ. ನೂರು ಫೋಟೋ ತೆಗೆದು ಒಂದರ ಮೇಲೊಂದು ಇಡಿ. ಚುಕ್ಕೆ ನುಣುಪಾಗುತ್ತದೆ, ಎರಡಾಗಿ ಒಡೆಯುವುದಿಲ್ಲ. ಎಷ್ಟು ಸಣ್ಣದನ್ನು ಬಿಡಿಸಿ ನೋಡಬಹುದು, ಅಂದರೆ ಟೆಲಿಸ್ಕೋಪಿನ ಚುರುಕು ಎಷ್ಟು ಅನ್ನುವುದು ಕನ್ನಡಿಯ ಅಗಲ ಮತ್ತು ಬೆಳಕಿನ ಅಲೆಯ ಉದ್ದದ ಮೇಲೆ ನಿಂತಿದೆ. ವೆಬ್‌ನ ಕನ್ನಡಿ 6.5 ಮೀಟರ್, ಹಬಲ್‌ನದು 2.4. ಆದರೆ ವೆಬ್ ನೋಡುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಅಲೆಗಳು ಉದ್ದ. ಹಾಗಾಗಿ ಎರಡರ ಚುರುಕು ಹೆಚ್ಚುಕಡಿಮೆ ಒಂದೇ. ಎರಡರ ಚಿತ್ರ ಸೇರಿಸಿದರೆ ಬಣ್ಣ, ಮಾಹಿತಿ ಜಾಸ್ತಿ ಸಿಗುತ್ತದೆ, ನಿಜ. ಚುರುಕು ಮಾತ್ರ ಹೆಚ್ಚುವುದಿಲ್ಲ.

ಯಾಕೆ? ಫೋಟೋದಲ್ಲಿ ಉಳಿಯುವುದು ಎಷ್ಟು ಬೆಳಕು ಬಿತ್ತು ಅನ್ನುವುದಷ್ಟೇ. ಅಲೆ ಯಾವ ಕ್ಷಣ ಏರಿತ್ತು, ಯಾವ ಕ್ಷಣ ಇಳಿದಿತ್ತು ಅನ್ನುವುದು ಅಳಿಸಿಹೋಗಿರುತ್ತದೆ. ಜೋಡಿಸಲು ಬೇಕಾದದ್ದು ಅದೇ! ಇಲ್ಲದ್ದನ್ನು ಕಂಪ್ಯೂಟರ್ ಎಲ್ಲಿಂದ ತರಬೇಕು?

ರೇಡಿಯೋ ಅಲೆಯ ಏರಿಳಿತವನ್ನು ಪರಮಾಣು ಗಡಿಯಾರದ ಲೆಕ್ಕದಲ್ಲಿ ಬರೆದಿಟ್ಟು, ಆಮೇಲೆ ಕೂಡಿಸಬಹುದು. ಜಪಾನ್ 1997ರಲ್ಲಿ ಹಾರಿಸಿದ ಹಾಲ್ಕಾ, ರಷ್ಯಾ 2011ರಲ್ಲಿ ಹಾರಿಸಿದ ರೇಡಿಯೋಆಸ್ಟ್ರಾನ್ ಎಂಬ ರೇಡಿಯೋ ಟೆಲಿಸ್ಕೋಪ್ ಉಪಗ್ರಹಗಳು ಹೀಗೇ ನೆಲದ ಡಿಶ್‌ಗಳ ಜೊತೆ ಸೇರಿ ಕೆಲಸ ಮಾಡಿದವು. ರೇಡಿಯೋಆಸ್ಟ್ರಾನ್‌ನದು 10 ಮೀಟರಿನ ಡಿಶ್. ನೆಲದ ಜೊತೆಗಾರನಿಂದ ಸುಮಾರು 3.4 ಲಕ್ಷ ಕಿಲೋಮೀಟರ್ ದೂರದಲ್ಲಿದ್ದಾಗ ಅದು ಮುಟ್ಟಿದ ಚುರುಕು ಎಷ್ಟು ಗೊತ್ತಾ? 1 ಡಿಗ್ರಿಯನ್ನು 45 ಕೋಟಿ ಪಾಲು ಮಾಡಿದರೆ ಒಂದು ಪಾಲಿನಷ್ಟು.

ಕಣ್ಣಿಗೆ ಕಾಣುವ ಬೆಳಕು ಸೆಕೆಂಡಿಗೆ ಸುಮಾರು 6 ಕೋಟಿ ಕೋಟಿ ಸಲ ಏರಿಳಿಯುತ್ತದೆ. ಅದನ್ನು ಹಾಗೆ ಬರೆದಿಡಲು ಆಗುವುದಿಲ್ಲ. ಬೆಳಕನ್ನೇ ಒಂದು ಜಾಗಕ್ಕೆ ತಂದು ಕೂಡಿಸಬೇಕು. ಚಿಲಿಯ ಪರನಾಲ್‌ನಲ್ಲಿ ನಾಲ್ಕು ದೊಡ್ಡ ಟೆಲಿಸ್ಕೋಪ್‌ಗಳ ಬೆಳಕು ಸುರಂಗದಲ್ಲಿ ಬಂದು ಸೇರುತ್ತದೆ. ದಾರಿಯ ಉದ್ದ ಸರಿಹೊಂದಿಸಲು ಅಲ್ಲಿ ಕನ್ನಡಿಗಳು ಹಳಿಯ ಮೇಲೆ ಓಡಾಡುತ್ತವೆ. ಬಾಹ್ಯಾಕಾಶದಲ್ಲಿ ಹಳಿ ಎಲ್ಲಿದೆ? 2024ರ ಡಿಸೆಂಬರ್‌ನಲ್ಲಿ ಶ್ರೀಹರಿಕೋಟಾದಿಂದ ಹೋದ ಯುರೋಪಿನ ಪ್ರೋಬಾ-3 ಉಪಗ್ರಹಗಳ ಜೋಡಿ 150 ಮೀಟರ್ ಅಂತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕಾಯ್ದುಕೊಂಡಿತು. ಬೆಳಕು ಕೂಡಿಸಲು ಅಷ್ಟು ಸಾಲದು. ಬೆಳಕಿನ ಅಲೆಯ ಉದ್ದವೋ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ.

ಯಾರೂ ಕೇಳದ ಇನ್ನೊಂದು ಮಾತು. ಟೆಲಿಸ್ಕೋಪ್‌ಗಳ ನಡುವಿನ ದೂರದಿಂದ ಸಿಗುವುದು ಚುರುಕು, ಬೆಳಕಲ್ಲ. ಅಂತರ ಲಕ್ಷಗಟ್ಟಲೆ ಕಿಲೋಮೀಟರ್ ಇದ್ದರೂ ರೇಡಿಯೋಆಸ್ಟ್ರಾನ್ ಅಲೆ ಹಿಡಿದದ್ದು ಆ 10 ಮೀಟರಿನಲ್ಲೇ. ಅದಕ್ಕೇ ಅದು ಮಂದ ಗೆಲಾಕ್ಸಿಗಳನ್ನು ಬಿಟ್ಟು ಕ್ವೇಸಾರ್, ಪಲ್ಸಾರ್‌ಗಳಂಥ ಪ್ರಖರ ರೇಡಿಯೋ ಮೂಲಗಳ ಬೆನ್ನು ಹತ್ತಿತು.