ಶೇ 90 ಎಂದರೆ ಯಾವುದರ ಶೇ 90?

ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಹಾಪ್ ಟೆಸ್ಟ್, ಅಂದರೆ ಒಂಟಿಕಾಲಿನ ಜಿಗಿತದ ಪರೀಕ್ಷೆ, ಮುಗಿಸುತ್ತಾರೆ. ನಾನು ಅಳತೆಯ ಟೇಪು ಸುತ್ತಿಡುವ ಮೊದಲೇ ಪ್ರಶ್ನೆ ಬರುತ್ತದೆ: ‘ತೊಂಬತ್ತು ಬಂದಿದೆಯೇ, ಡಾಕ್ಟರೇ?’ ಗಾಯವಾದ ಕಾಲು ಇನ್ನೊಂದು ಕಾಲಿನ ಜಿಗಿತದ ಶೇ 90ರಷ್ಟಾದರೂ ಹಾರಿದರೆ ಉತ್ತೀರ್ಣ ಎಂಬ ರೂಢಿಯಿದೆ. ಬಂದಿದೆ ಎಂದರೆ ಮರುದಿನವೇ ಮೈದಾನಕ್ಕೆ ಇಳಿಯುವ ಮಾತು. ಬಂದಿಲ್ಲ ಎಂದರೆ ಮುಖ ಬಾಡುತ್ತದೆ. ನನ್ನ ಸಹೋದ್ಯೋಗಿಗಳಲ್ಲೂ ಕೆಲವರು ಆ ಒಂದು ಸಂಖ್ಯೆಯನ್ನು ಪರೀಕ್ಷೆಯ ಅಂಕದಂತೆ ವರದಿಯಲ್ಲಿ ಬರೆದು ಕಳುಹಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪರೀಕ್ಷೆಯ ಬಗ್ಗೆ ನನ್ನ ತಕರಾರಿಲ್ಲ. ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಫ್ರಾಂಕ್ ನೋಯ್ಸ್ ಮತ್ತು ಸಂಗಡಿಗರು 1991ರಲ್ಲಿ ವಿವರಿಸಿದ ನಾಲ್ಕು ಜಿಗಿತಗಳನ್ನೇ ಇಂದಿಗೂ ಬಳಸುತ್ತೇವೆ: ಒಂಟಿಕಾಲಿನಲ್ಲಿ ಒಂದು ಜಿಗಿತ, ಸತತ ಮೂರು ಜಿಗಿತ, ನೆಲದ ಪಟ್ಟಿಯನ್ನು ಅತ್ತಿತ್ತ ದಾಟುತ್ತ ಮೂರು ಜಿಗಿತ, ಮತ್ತು 6 ಮೀಟರ್ ದೂರವನ್ನು ಕುಪ್ಪಳಿಸುತ್ತ ಎಷ್ಟು ಬೇಗ ಮುಗಿಸುತ್ತಾರೆ ಎಂಬ ಸಮಯದ ಲೆಕ್ಕ. ದುಬಾರಿ ಯಂತ್ರ ಬೇಕಿಲ್ಲ, ಒಂದಿಷ್ಟು ಜಾಗ ಸಾಕು. ಗಾಯವಾದ ಕಾಲು ಹಾರಿದ ದೂರವನ್ನು ಇನ್ನೊಂದು ಕಾಲು ಹಾರಿದ ದೂರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಸಿಗುತ್ತದೆ.

‘ಇನ್ನೊಂದು ಕಾಲು’ ಎಂಬಲ್ಲಿಗೆ ದಯವಿಟ್ಟು ಗಮನ ಕೊಡಿ. ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ಓಟವಿಲ್ಲ, ಆಟವಿಲ್ಲ. ಆ ವಿಶ್ರಾಂತಿ ಗಾಯವಾದ ಕಾಲಿಗೆ ಮಾತ್ರವಲ್ಲ, ಇಡೀ ದೇಹಕ್ಕೆ. ಗಾಯವಾಗದ ಕಾಲೂ ಆ ಅವಧಿಯಲ್ಲಿ ಬಲ ಕಳೆದುಕೊಳ್ಳುತ್ತದೆ. ತೂಕದ ಕಲ್ಲೇ ಸವೆದಿದ್ದರೆ ತಕ್ಕಡಿ ಸಮವಾಗಿ ನಿಂತರೂ ಸರಕು ಕಡಿಮೆಯೇ ಅಲ್ಲವೇ? ಒಂದು ಲೆಕ್ಕ ನೋಡಿ. ಗಾಯಕ್ಕೆ ಮೊದಲು ಒಬ್ಬರು ಎರಡೂ ಕಾಲಿನಿಂದ 180 ಸೆಂಟಿಮೀಟರ್ ಹಾರುತ್ತಿದ್ದರು ಎಂದುಕೊಳ್ಳೋಣ. ಈಗ ಒಳ್ಳೆಯ ಕಾಲು 150ಕ್ಕೆ ಇಳಿದಿದೆ, ಗಾಯವಾದ ಕಾಲು 138 ಹಾರುತ್ತದೆ. 138ನ್ನು 150ರಿಂದ ಭಾಗಿಸಿದರೆ ಶೇ 92. ಕಾಗದದ ಮೇಲೆ ಉತ್ತೀರ್ಣ. ಅದೇ 138ನ್ನು ಅವರ ಹಳೆಯ 180ರೊಂದಿಗೆ ಹೋಲಿಸಿದರೆ ಶೇ 77 ಕೂಡ ಇಲ್ಲ. ಎದುರಾಳಿ ತಂಡ ಆಡುವುದು ಈ ಎರಡನೆಯ ಲೆಕ್ಕದ ಕಾಲಿನ ಎದುರು, ವರದಿಯ ಎದುರು ಅಲ್ಲ. ಆದ್ದರಿಂದ ಸಾಧ್ಯವಿದ್ದ ಕಡೆ ಶಸ್ತ್ರಚಿಕಿತ್ಸೆಗೆ ಮೊದಲೇ ಒಳ್ಳೆಯ ಕಾಲಿನ ಜಿಗಿತವನ್ನು ಅಳೆದು ಬರೆದಿಡುತ್ತೇನೆ. ಅದೂ ಪೂರ್ಣ ನಿಜವಲ್ಲ, ಗಾಯವಾದ ಮೇಲೆ ಅಳೆದದ್ದು. ಆದರೂ ಆರು ತಿಂಗಳ ನಂತರದ ಅಳತೆಗಿಂತ ಎಷ್ಟೋ ವಾಸಿ.

ಇನ್ನೂ ಒಂದು ತೊಡಕಿದೆ. ದೂರ ಹಾರಿದ್ದು ನಿಜ, ಆದರೆ ಹಾರಿಸಿದ್ದು ಯಾವ ಕೀಲು? ಮುಂದಕ್ಕೆ ಜಿಗಿಯುವಾಗ ದೇಹವನ್ನು ತಳ್ಳುವ ಕೆಲಸದಲ್ಲಿ ಮೊಣಕಾಲಿನ ಪಾಲು ಸುಮಾರು ಎಂಟರಲ್ಲಿ ಒಂದು ಭಾಗ ಮಾತ್ರ ಎಂದು ಚಲನೆಯ ಅಧ್ಯಯನಗಳು ತೋರಿಸಿವೆ. ಉಳಿದದ್ದನ್ನೆಲ್ಲ ಸೊಂಟದ ಕೀಲು ಮತ್ತು ಕಣಕಾಲಿನ ಕೀಲು ನಿಭಾಯಿಸುತ್ತವೆ. ನೇರವಾಗಿ ಮೇಲಕ್ಕೆ ಜಿಗಿದಾಗ ಮೊಣಕಾಲಿನ ಪಾಲು ಸುಮಾರು ಮೂರರಲ್ಲಿ ಒಂದಕ್ಕೆ ಏರುತ್ತದೆ. ಅಂದರೆ ದುರ್ಬಲ ಮೊಣಕಾಲನ್ನು ಬಚ್ಚಿಟ್ಟುಕೊಂಡೇ ದೂರ ಹಾರಲು ದೇಹಕ್ಕೆ ಸಾಧ್ಯವಿದೆ. ಮೊಣಕಾಲಿಗೆ ಕೆಲಸ ಹೆಚ್ಚುವುದು ನೆಲಕ್ಕೆ ಇಳಿಯುವಾಗ. ಹಾಗಾಗಿ ಎಷ್ಟು ದೂರ ಎಂಬುದಕ್ಕಿಂತ ಹೇಗೆ ಇಳಿದರು ಎಂಬುದರ ಮೇಲೆ ನನ್ನ ಕಣ್ಣು: ಮೊಣಕಾಲು ಒಳಕ್ಕೆ ವಾಲಿತೇ, ಬಗ್ಗದೆ ಸೆಟೆದುಕೊಂಡಿತೇ, ಮೈ ಮುಂದಕ್ಕೆ ಬಿದ್ದಿತೇ, ಅಲುಗಾಡದೆ ನಿಲ್ಲಲು ಆಯಿತೇ.

ವಾಲಿಬಾಲ್ ಆಡುತ್ತಿದ್ದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಬಹಳ ಶ್ರದ್ಧೆಯವಳು. ಪರೀಕ್ಷೆ ಹತ್ತಿರವಾದಂತೆ ಮನೆಯಲ್ಲಿ ದಿನವೂ ಅದೇ ಜಿಗಿತವನ್ನು ಅಭ್ಯಾಸ ಮಾಡಿ ಬಂದಳು, ಶೇ 96. ತಂದೆಯ ಮುಖ ಅರಳಿತು, ಟೂರ್ನಿಯ ದಿನಾಂಕವನ್ನೂ ಹೇಳಿಬಿಟ್ಟರು. ಒಂಟಿಕಾಲಿನಲ್ಲಿ ಮೇಲಕ್ಕೆ ಜಿಗಿಯಲು ಹೇಳಿದೆ. ಎರಡು ಕಾಲಿನ ವ್ಯತ್ಯಾಸ ಬರಿಗಣ್ಣಿಗೇ ಕಂಡಿತು. ತೊಡೆಯ ಮುಂಭಾಗದ ಸ್ನಾಯುವಿನ ಬಲ ಅಳೆದಾಗ ಗಾಯವಾದ ಕಾಲು ಇನ್ನೊಂದರ ಮುಕ್ಕಾಲು ಪಾಲಿನಷ್ಟೂ ಇರಲಿಲ್ಲ. ‘ಅಭ್ಯಾಸ ಮಾಡಿದ್ದು ತಪ್ಪಾಯಿತೇ?’ ಎಂದು ಅವಳು ಅಳುದನಿಯಲ್ಲಿ ಕೇಳಿದಳು. ತಪ್ಪಲ್ಲ ಮಗಳೇ, ಅಭ್ಯಾಸದಿಂದ ಜಿಗಿತದ ಕೌಶಲ ಬಂದಿದೆ, ಸ್ನಾಯು ಇನ್ನೂ ಬರಬೇಕು ಎಂದೆ. ಆ ಟೂರ್ನಿ ತಪ್ಪಿತು. ತಂದೆ ಕೆಲವು ವಾರ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ಅವರ ಆತಂಕ ನನಗೆ ಅರ್ಥವಾಗುತ್ತಿತ್ತು.

ಕಾಯುವುದಕ್ಕೆ ಬೆಲೆಯಿದೆ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೋ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿಯೊಂದು ತಿಂಗಳಿಗೂ ಮೊಣಕಾಲಿನ ಮರುಗಾಯದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅಲ್ಲಿ ಮಾನದಂಡವಾಗಿ ಇಟ್ಟದ್ದು ಜಿಗಿತವನ್ನು ಮಾತ್ರವಲ್ಲ, ಸ್ನಾಯುಬಲವನ್ನೂ ರೋಗಿಯ ಸ್ವಂತ ಅನಿಸಿಕೆಯನ್ನೂ ಸೇರಿಸಿಯೇ. ಒಂದೇ ಅಧ್ಯಯನ, ಭಾಗವಹಿಸಿದವರು ನೂರಕ್ಕೆ ಸ್ವಲ್ಪ ಹೆಚ್ಚು ಮಂದಿ. ಎಲ್ಲರಿಗೂ ಹಾಗೆಯೇ ಅನ್ವಯಿಸುತ್ತದೆ ಎನ್ನಲಾರೆ. ಆದರೂ ಅವಸರ ಮಾಡುವವರ ಮುಂದೆ ಇದನ್ನು ಇಡದೆ ಇರಲಾರೆ.

ಶೇ 78 ಬಂದಿತೆಂದು ಕುಗ್ಗುವವರಿಗೂ ಒಂದು ಮಾತು. ಭಯ ಜಿಗಿತವನ್ನು ಮೊಟಕು ಮಾಡುತ್ತದೆ. ಬೇರೆ ಬೂಟು, ಜಾರುವ ನೆಲ, ಹಿಂದಿನ ದಿನದ ದಣಿವು, ಕೈ ಬೀಸಲು ಬಿಟ್ಟರೇ ಇಲ್ಲವೇ ಎಂಬುದೂ ಅಳತೆಯನ್ನು ಬದಲಿಸುತ್ತದೆ. ಆಟವಾಡುವ ಉದ್ದೇಶವೇ ಇಲ್ಲದ, ಮೆಟ್ಟಿಲು ಹತ್ತಿಳಿದರೆ ಸಾಕೆನ್ನುವ ಹಿರಿಯರಿಗೆ ಈ ಪರೀಕ್ಷೆಯನ್ನು ನಾನು ಮಾಡಿಸುವುದೇ ಇಲ್ಲ. ಊತ ಇರುವ ಮೊಣಕಾಲಿಗೂ ಇಲ್ಲ. ಮನೆಯಲ್ಲಿ ನೀವೇ ಪರೀಕ್ಷಿಸಿಕೊಳ್ಳುವುದಂತೂ ಬೇಡ.

ವರದಿ ಕೈಗೆ ಬಂದಾಗ ಶೇಕಡಾವಾರಿನ ಪಕ್ಕದಲ್ಲಿ ಎರಡೂ ಕಾಲುಗಳ ಸೆಂಟಿಮೀಟರ್‌ಗಳನ್ನು ಬರೆದುಕೊಡಲು ಕೇಳಿ. ಹಿಂದಿನ ಪರೀಕ್ಷೆಯ ಅಳತೆಯನ್ನೂ ಜೊತೆಗೆ ಕೇಳಿ. ಗಾಯವಾದ ಕಾಲಿನ ಅಂಕಿ ಏರಿದ್ದರಿಂದ ಶೇಕಡಾವಾರು ಏರಿತೇ, ಒಳ್ಳೆಯ ಕಾಲಿನದು ಇಳಿದದ್ದರಿಂದಲೇ ಎಂಬುದು ಆಗ ಅಲ್ಲೇ ಕಾಣುತ್ತದೆ.